ಯಾವ ವಿಷಯ ಯಾವ ಜರ್ನಲ್‌ನಲ್ಲಿ: ಬಣ್ಣದ ಕೋಷ್ಟಕವೋ, ಸ್ಯಾಂಕಿಯೋ, ನೆಟ್‌ವರ್ಕೋ?

ನನ್ನ ಅಕ್ಕನ ಮಗಳು ಗೋವಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಮುದ್ರದ ಅಡಿಯ ತಣ್ಣೀರು ಮೇಲಕ್ಕೆ ಬರುತ್ತದಲ್ಲ, ಅದರ ಜೊತೆಗೆ ಆಮ್ಲಜನಕ ಕಡಿಮೆ ಇರುವ ನೀರೂ ದಡದ ಕಡೆಗೆ ಸರಿಯುತ್ತದೆ, ಆಗ ಬೂತಾಯಿ ಮೀನಿನ ಕಥೆ ಏನು ಅನ್ನುವುದು ಅವಳ ವಿಷಯ. ಹೋದ ವರ್ಷ ಅವಳ ಮೊದಲ ಪೇಪರ್ ಒಂದು ಜರ್ನಲ್‌ನಲ್ಲಿ ನಾಲ್ಕು ತಿಂಗಳು ಕೂತು ವಾಪಸ್ ಬಂತು. ಪೇಪರ್‌ನಲ್ಲಿ ತಪ್ಪಿದೆ ಅಂತ ಯಾರೂ ಹೇಳಿರಲಿಲ್ಲ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಒಂದೇ ಸಾಲು.

ಆ ಭಾನುವಾರ ವಾಸ್ಕೋದ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು: “ಮಾವ, ಯಾವ ವಿಷಯದ ಪೇಪರ್ ಯಾವ ಜರ್ನಲ್‌ನಲ್ಲಿ ಬರುತ್ತದೆ ಅಂತ ಒಂದೇ ನೋಟಕ್ಕೆ ಗೊತ್ತಾಗುವ ಹಾಗೆ ಚಿತ್ರ ಮಾಡಲು ಆಗುತ್ತದಾ?”

ಆಗುತ್ತದೆ. ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವ ನನಗೆ ಇದು ಹೊಸದಲ್ಲ, ಆದರೆ ಮನೆಯ ಹುಡುಗಿಗಾಗಿ ಮಾಡುವಾಗ ಪ್ರತಿ ಚಿತ್ರವನ್ನೂ ‘ಇದನ್ನು ನಂಬಿ ಪೇಪರ್ ಕಳಿಸಬಹುದಾ?’ ಅಂತ ಕೇಳಿಕೊಂಡು ನೋಡಿದೆ. ಮೂರು ಭಾನುವಾರ ಹಿಡಿಯಿತು. ಒಂದೇ ಮಾಹಿತಿಯಿಂದ ಮೂರು ಬಗೆಯ ಚಿತ್ರ ಮಾಡಿದೆವು. ಮೂರೂ ಬೇರೆ ಬೇರೆ ಜರ್ನಲ್‌ನ ಕಡೆ ಕೈ ತೋರಿಸಿದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪೇಪರ್ ಎಲ್ಲಿಗೆ ಕಳಿಸಬೇಕು ಅಂತ ನಿಮಗಾಗಿ ತೀರ್ಮಾನ ಮಾಡುವುದಿದ್ದರೆ ಬಣ್ಣ ತುಂಬಿದ ಕೋಷ್ಟಕ, ಅಂದರೆ ಹೀಟ್‌ಮ್ಯಾಪ್. ಗೈಡ್‌ಗೋ ಸಮಿತಿಗೋ ಐದು ನಿಮಿಷದಲ್ಲಿ ತೋರಿಸುವುದಿದ್ದರೆ ಸ್ಯಾಂಕಿ ಚಿತ್ರ, ಅಂದರೆ ಹರಿಯುವ ಪಟ್ಟೆಗಳ ಚಿತ್ರ. ನಿಮ್ಮ ಕ್ಷೇತ್ರದಲ್ಲಿ ಯಾವ ಯಾವ ವಿಷಯಗಳಿವೆ ಅಂತಲೇ ಇನ್ನೂ ಗೊತ್ತಿಲ್ಲದಿದ್ದರೆ ನೆಟ್‌ವರ್ಕ್, ಅಂದರೆ ಚುಕ್ಕೆ ಗೆರೆಗಳ ಚಿತ್ರ.

ಚಿತ್ರಕ್ಕಿಂತ ಮೊದಲು ಮಾಹಿತಿ

ಯಾವ ಪೇಪರ್ ಯಾವ ಜರ್ನಲ್‌ನಲ್ಲಿ ಬಂದಿದೆ ಅನ್ನುವ ಮಾಹಿತಿಯ ಭಂಡಾರಗಳಿವೆ. ಹಣ ಕೊಡದೆ ಸಿಗುವುದರಲ್ಲಿ ಓಪನ್‌ಅಲೆಕ್ಸ್ ಚೆನ್ನಾಗಿದೆ. ಇಂಥದ್ದೇ ಆದ ಮೈಕ್ರೋಸಾಫ್ಟ್ ಅಕಾಡೆಮಿಕ್ ಗ್ರಾಫ್ 2021ರ ಕೊನೆಗೆ ನಿಂತಾಗ ಅದರ ಜಾಗ ತುಂಬಲು 2022ರ ಜನವರಿಯಲ್ಲಿ ಶುರುವಾದದ್ದು ಇದು. ಮಾಹಿತಿಯನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಬಹುದು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಅನ್ನುವ ಇನ್ನೆರಡು ಭಂಡಾರಗಳಿಗೆ ನಿಮ್ಮ ಸಂಸ್ಥೆ ದುಡ್ಡು ಕಟ್ಟಿರಬೇಕು. ಅಲ್ಲಿ ಲೇಖಕರೇ ಕೊಟ್ಟ ಕೀವರ್ಡ್‌ಗಳು ಸಿಗುತ್ತವೆ, ಅದು ದೊಡ್ಡ ಅನುಕೂಲ. ಆದರೆ ಪ್ರಾದೇಶಿಕ ಸಣ್ಣ ಜರ್ನಲ್‌ಗಳು ಎಷ್ಟೋ ಇರುವುದಿಲ್ಲ.

ಇಲ್ಲಿ ಜಾಸ್ತಿ ಜನ ಎಡವುವ ಒಂದು ಕಲ್ಲಿದೆ. ಸ್ಕೋಪಸ್‌ನ ‘ವಿಷಯ ಕ್ಷೇತ್ರ’ವಾಗಲಿ ವೆಬ್ ಆಫ್ ಸೈನ್ಸ್‌ನ ವರ್ಗವಾಗಲಿ ಪೇಪರ್‌ಗೆ ಕೊಟ್ಟದ್ದಲ್ಲ, ಜರ್ನಲ್‌ಗೆ ಕೊಟ್ಟದ್ದು. ಒಂದು ಜರ್ನಲ್‌ಗೆ ‘ಸಮುದ್ರ ವಿಜ್ಞಾನ’ ಅಂತ ಹಣೆಪಟ್ಟಿ ಹಚ್ಚಿದರೆ ಅದರಲ್ಲಿ ಬಂದ ಎಲ್ಲ ಪೇಪರ್‌ಗೂ ಅದೇ ಹಣೆಪಟ್ಟಿ. ಇದನ್ನು ವಿಷಯ ಅಂತ ತೆಗೆದುಕೊಂಡು ವಿಷಯಕ್ಕೂ ಜರ್ನಲ್‌ಗೂ ಗೆರೆ ಎಳೆದರೆ ನೀವು ಜರ್ನಲ್ಲನ್ನು ಅದಕ್ಕೇ ಕಟ್ಟಿದ ಹಾಗಾಯಿತು. ಚಿತ್ರ ಬಹಳ ಚೊಕ್ಕವಾಗಿ ಬರುತ್ತದೆ, ಹೊಸದೇನೂ ಹೇಳುವುದಿಲ್ಲ. ಓಪನ್‌ಅಲೆಕ್ಸ್ ಪ್ರತಿ ಪೇಪರ್‌ಗೂ ಬೇರೆಯಾಗಿ ವಿಷಯ ಕೊಡುತ್ತದೆ, ಒಟ್ಟು ಸುಮಾರು 4,500 ವಿಷಯಗಳಿವೆ. ಆದರೆ ಅದನ್ನು ಕಂಪ್ಯೂಟರ್ ಆರಿಸುವುದು ಪೇಪರ್‌ನ ಶೀರ್ಷಿಕೆ, ಸಾರಾಂಶ, ಉಲ್ಲೇಖಗಳ ಜೊತೆಗೆ ಜರ್ನಲ್‌ನ ಹೆಸರನ್ನೂ ನೋಡಿ. ಅಂದರೆ ಅಲ್ಲೂ ಸ್ವಲ್ಪ ಸುತ್ತು ಇದೆ.

ನಾವು ಏನು ಮಾಡಿದೆವು ಅಂದರೆ, ಕೆಲವು ನೂರು ಪೇಪರ್‌ಗಳ ಪಟ್ಟಿ ಇಳಿಸಿಕೊಂಡು, ಎಂಟು ವಿಷಯ ನಾವೇ ಬರೆದುಕೊಂಡು, ಶೀರ್ಷಿಕೆ ಮತ್ತು ಸಾರಾಂಶ ಓದಿ ಕೈಯಾರೆ ಗುರುತು ಹಾಕಿದೆವು. ಅವಳು ಓದುವುದು, ನಾನು ಟೈಪ್ ಮಾಡುವುದು. ಎರಡು ಭಾನುವಾರ ಹೋದದ್ದು ಇದಕ್ಕೇ. ಸಾವಿರಗಟ್ಟಲೆ ಪೇಪರ್ ಇದ್ದರೆ ಇದು ಆಗದು, ಆಗ ಕೀವರ್ಡ್ ನಂಬಬೇಕು. ಐದಾರು ನೂರರ ಒಳಗಿದ್ದರೆ ಮಾತ್ರ ದಯವಿಟ್ಟು ಕೈಯಿಂದಲೇ ಮಾಡಿ. ಓದುತ್ತಾ ಹೋದ ಹಾಗೆ ಯಾವ ಜರ್ನಲ್ ಯಾವ ಥರದ ಪ್ರಶ್ನೆಗೆ ಮಣೆ ಹಾಕುತ್ತದೆ ಅನ್ನುವುದು ತಲೆಗೆ ಇಳಿಯುತ್ತದೆ.

ಕೀವರ್ಡ್ ಬಳಸುವುದಾದರೆ ಮೊದಲು ಅದನ್ನು ಸೋಸಬೇಕು. ನಮ್ಮ ಪಟ್ಟಿಯಲ್ಲಿ ಒಂದೇ ಮೀನು ‘ಆಯಿಲ್ ಸಾರ್ಡಿನ್’, ‘ಇಂಡಿಯನ್ ಆಯಿಲ್ ಸಾರ್ಡಿನ್’, ‘ಸಾರ್ಡಿನೆಲ್ಲಾ ಲಾಂಜಿಸೆಪ್ಸ್’ ಅಂತ ಮೂರು ಹೆಸರಿನಲ್ಲಿ ಕೂತಿತ್ತು. ಮಂಗಳೂರಲ್ಲಿ ಬೂತಾಯಿ, ಕಾರವಾರ ಗೋವಾದಲ್ಲಿ ತಾರ್ಲೆ ಅನ್ನುವ ಹಾಗೆ. ನಮಗೆ ಗೊತ್ತು ಎಲ್ಲ ಒಂದೇ ಅಂತ, ಕಂಪ್ಯೂಟರ್‌ಗೆ ಯಾರು ಹೇಳಬೇಕು? ಒಂದು ಎರಡು ಕಾಲಮ್ಮಿನ ಪಟ್ಟಿ ಮಾಡಿ, ಎಡಕ್ಕೆ ಇರುವ ಹೆಸರು, ಬಲಕ್ಕೆ ಇರಬೇಕಾದ ಹೆಸರು ಬರೆಯಿರಿ. ನೆಟ್‌ವರ್ಕ್ ಚಿತ್ರ ಮಾಡುವ ವಿಓಎಸ್‌ವ್ಯೂವರ್ ಅನ್ನುವ ಸಾಫ್ಟ್‌ವೇರ್‌ಗೆ ಇಂಥ ಪಟ್ಟಿಯನ್ನು ಥೆಸಾರಸ್ ಫೈಲ್ ಅಂತ ನೇರವಾಗಿ ಕೊಡಬಹುದು.

ಜರ್ನಲ್ ಹೆಸರಿಗೂ ಇದೇ ಗತಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ‘ಜರ್ನಲ್ ಆಫ್ ಅರ್ಥ್ ಸಿಸ್ಟಮ್ ಸೈನ್ಸ್’ 2005ಕ್ಕೂ ಮೊದಲು ಬೇರೆ ಹೆಸರಿನಲ್ಲಿ, ಅಕಾಡೆಮಿಯ ‘ಪ್ರೊಸೀಡಿಂಗ್ಸ್’ನ ಒಂದು ಭಾಗವಾಗಿ ಬರುತ್ತಿತ್ತು. ‘ಇಂಡಿಯನ್ ಜರ್ನಲ್ ಆಫ್ ಜಿಯೋ ಮರೈನ್ ಸೈನ್ಸಸ್’ ಹಿಂದೆ ಬರೀ ‘ಮರೈನ್ ಸೈನ್ಸಸ್’ ಆಗಿತ್ತು. ಹಳೆಯದು ಹೊಸದು ಬೇರೆ ಬೇರೆ ಸಾಲಾಗಿ ನಿಂತರೆ ಎರಡೂ ಸಣ್ಣದಾಗಿ ಕಾಣುತ್ತವೆ. ಒಂದೇ ಜರ್ನಲ್‌ನ ಅಚ್ಚಿನ ಆವೃತ್ತಿ ಮತ್ತು ಆನ್‌ಲೈನ್ ಆವೃತ್ತಿಗೆ ಬೇರೆ ಬೇರೆ ಐಎಸ್‌ಎಸ್‌ಎನ್, ಅಂದರೆ ಗುರುತಿನ ಸಂಖ್ಯೆ, ಇರುತ್ತದೆ, ಎರಡನ್ನೂ ಕೂಡಿಸುವ ಐಎಸ್‌ಎಸ್‌ಎನ್-ಎಲ್ ಅನ್ನುವ ಒಂದು ಸಂಖ್ಯೆ ಇದೆ. ಅದರ ಮೇಲೆ ಕೂಡಿಸಿ, ಹೆಸರು ಬದಲಾದವನ್ನು ಮಾತ್ರ ಕೈಯಿಂದ ಜೋಡಿಸಿ.

ಬಣ್ಣದ ಕೋಷ್ಟಕ

ನೋಡಲು ಸಾಧಾರಣ, ಕೆಲಸಕ್ಕೆ ಗಟ್ಟಿ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಸಾಕು. ಉದ್ದ ಪಟ್ಟಿಯನ್ನು ತಾನೇ ಎಣಿಸಿ ಕೋಷ್ಟಕ ಮಾಡುವ ಪಿವಟ್ ಟೇಬಲ್ ಹಾಕಿ, ಸಾಲುಗಳಲ್ಲಿ ಜರ್ನಲ್, ಕಾಲಮ್‌ಗಳಲ್ಲಿ ವಿಷಯ, ಮನೆಯೊಳಗೆ ಪೇಪರ್‌ಗಳ ಎಣಿಕೆ. ಆಮೇಲೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕಲರ್ ಸ್ಕೇಲ್. ಒಂದೇ ಬಣ್ಣ, ತೆಳುವಿನಿಂದ ಗಾಢಕ್ಕೆ. ಕೆಂಪು ಹಸಿರು ಬೇಡ, ಆ ಎರಡು ಬಣ್ಣಗಳ ನಡುವೆ ಫರಕು ಕಾಣದ ಜನ ಇದ್ದಾರೆ, ಕಪ್ಪು ಬಿಳುಪಿನ ಪ್ರಿಂಟ್‌ನಲ್ಲೂ ಎರಡೂ ಒಂದೇ ಬೂದಿ ಬಣ್ಣ ಆಗುತ್ತವೆ.

ಸಾಲುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಬಿಡಬೇಡಿ. ಒಂದೇ ಥರದ ಜರ್ನಲ್‌ಗಳು ಅಕ್ಕಪಕ್ಕ ಬರುವ ಹಾಗೆ ಮೇಲೆ ಕೆಳಗೆ ಸರಿಸಿ. ನಾವು ಮೀನುಗಾರಿಕೆ ಜರ್ನಲ್‌ಗಳನ್ನು ಮೇಲೆ, ಸಮುದ್ರ ಭೌತಶಾಸ್ತ್ರದವನ್ನು ಕೆಳಗೆ ಇಟ್ಟೆವು. ಗಾಢ ಬಣ್ಣದ ಮನೆಗಳು ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಓರೆಯಾಗಿ ಇಳಿದವು. ಆಗ ಅವಳು ಪರದೆಯ ಮೇಲೆ ಬೆರಳಿಟ್ಟಳು. ಓರೆ ಗೆರೆಯ ನಡುವೆ, ‘ಆಮ್ಲಜನಕ ಕೊರತೆ’ ಮತ್ತು ‘ಮೀನಿನ ಇಳುವರಿ’ ಎರಡೂ ಕಾಲಮ್‌ಗಳಲ್ಲಿ ಬಣ್ಣ ಇದ್ದ ಸಾಲುಗಳು ಮೂರೇ ಮೂರು. ಅವಳ ಪೇಪರ್ ಕೂರುವುದು ಅಲ್ಲೇ. ವಾಪಸ್ ಕಳಿಸಿದ ಜರ್ನಲ್‌ನ ಸಾಲು ಎಲ್ಲಿತ್ತು ಗೊತ್ತಾ? ತೀರಾ ಕೆಳಗೆ. ಮೀನಿನ ಕಾಲಮ್‌ಗಳೆಲ್ಲ ಬಿಳಿ ಬಿಳಿ.

ಬಿಳಿ ಮನೆಗಳು ಕಾಣುವುದೇ ಕೋಷ್ಟಕದ ದೊಡ್ಡ ಗುಣ. ಉಳಿದ ಚಿತ್ರಗಳಲ್ಲಿ ಇಲ್ಲದ ನಂಟು ಕಾಣುವುದೇ ಇಲ್ಲ, ಇರುವ ಗೆರೆ ಮಾತ್ರ ಕಾಣುತ್ತದೆ.

ಇನ್ನು ಎಣಿಕೆಯ ವಿಚಾರ, ಇಲ್ಲಿ ಸ್ವಲ್ಪ ನಿಧಾನ. ಸುಮ್ನೆ ಎಣಿಕೆ ಹಾಕಿದರೆ ದೊಡ್ಡ ಜರ್ನಲ್‌ಗಳೇ ಗೆಲ್ಲುತ್ತವೆ. ಪ್ಲಾಸ್ ಒನ್, ಸೈಂಟಿಫಿಕ್ ರಿಪೋರ್ಟ್ಸ್ ಥರದ ಎಲ್ಲ ವಿಷಯಕ್ಕೂ ಬಾಗಿಲು ತೆರೆದ ಜರ್ನಲ್‌ಗಳು ಎಷ್ಟು ಪೇಪರ್ ಹಾಕುತ್ತವೆ ಅಂದರೆ ಯಾವ ವಿಷಯ ಹುಡುಕಿದರೂ ಅವು ಮೇಲೆ ಬರುತ್ತವೆ. ಲೆಕ್ಕ ತಿಳಿಯಲು ಊಹೆಯ ಅಂಕಿ ಇಟ್ಟುಕೊಳ್ಳೋಣ. ಒಂದು ಜರ್ನಲ್ ವರ್ಷಕ್ಕೆ 5,000 ಪೇಪರ್ ಹಾಕುತ್ತದೆ, ಅದರಲ್ಲಿ ನಿಮ್ಮ ವಿಷಯದವು 50. ಇನ್ನೊಂದು ವರ್ಷಕ್ಕೆ 100 ಹಾಕುತ್ತದೆ, ನಿಮ್ಮ ವಿಷಯದವು 20. ಎಣಿಕೆಯಲ್ಲಿ ಮೊದಲನೆಯದು ಮುಂದೆ. ಆದರೆ ಮೊದಲನೆಯದರಲ್ಲಿ ನಿಮ್ಮ ವಿಷಯ ಶೇ. 1, ಎರಡನೆಯದರಲ್ಲಿ ಶೇ. 20. ಎರಡನೆಯದರ ಸಂಪಾದಕರಿಗೆ ನಿಮ್ಮ ವಿಷಯ ಮನೆಯ ವಿಷಯ, ಅದನ್ನು ಓದಿ ಅಭಿಪ್ರಾಯ ಹೇಳಬಲ್ಲವರ ಪರಿಚಯ ಅವರಿಗೆ ಇದ್ದೇ ಇರುತ್ತದೆ.

ಹಾಗಾಗಿ ಎರಡು ಕೋಷ್ಟಕ ಮಾಡಿ. ಒಂದರಲ್ಲಿ ಎಣಿಕೆ, ಇನ್ನೊಂದರಲ್ಲಿ ಜರ್ನಲ್‌ನ ಒಟ್ಟು ಪೇಪರ್‌ಗಳಲ್ಲಿ ವಿಷಯದ ಪಾಲು. ಹುಷಾರು, ಪಿವಟ್ ಟೇಬಲ್‌ನಲ್ಲಿ ‘ಸಾಲಿನ ಶೇಕಡ’ ಒತ್ತಿದರೆ ಸಿಗುವುದು ಈ ಪಾಲಲ್ಲ. ನೀವು ಇಳಿಸಿಕೊಂಡ ಪಟ್ಟಿಯಲ್ಲಿ ಇರುವುದು ನಿಮ್ಮ ವಿಷಯದ ಪೇಪರ್‌ಗಳು ಮಾತ್ರ ತಾನೇ? ಜರ್ನಲ್ ಆ ವರ್ಷಗಳಲ್ಲಿ ಒಟ್ಟು ಎಷ್ಟು ಹಾಕಿದೆ ಅನ್ನುವುದನ್ನು ಓಪನ್‌ಅಲೆಕ್ಸ್‌ನಲ್ಲಿ ಜರ್ನಲ್‌ನ ಪುಟಕ್ಕೆ ಹೋಗಿ ಬೇರೆಯಾಗಿ ತರಬೇಕು. ಹದಿನೈದು ಜರ್ನಲ್‌ಗೆ ಅರ್ಧ ಗಂಟೆಯ ಕೆಲಸ. ನಮ್ಮ ಕೋಷ್ಟಕ ತಲೆಕೆಳಗಾದದ್ದು ಈ ಅರ್ಧ ಗಂಟೆಯಲ್ಲಿ.

ಒಂದು ಪೇಪರ್‌ಗೆ ಐದಾರು ಕೀವರ್ಡ್ ಇದ್ದರೆ ಅದನ್ನು ಪ್ರತಿ ಕಾಲಮ್‌ನಲ್ಲೂ ಪೂರ್ತಿ ಒಂದು ಅಂತ ಎಣಿಸಿದರೆ ಕೀವರ್ಡ್ ಜಾಸ್ತಿ ಕೇಳುವ ಜರ್ನಲ್ ಉಬ್ಬಿ ಕಾಣುತ್ತದೆ. ಐದು ಕೀವರ್ಡ್ ಇದ್ದರೆ ತಲಾ ಐದರಲ್ಲಿ ಒಂದು ಪಾಲು ಅಂತ ಹಂಚಿ.

ಕೋಷ್ಟಕದ ಕೊರತೆ ಅಂದರೆ ಸಾಲು ಹದಿನೈದು ಇಪ್ಪತ್ತು ದಾಟಿದರೆ, ಕಾಲಮ್ ಹತ್ತು ದಾಟಿದರೆ ಕಣ್ಣು ಸೋಲುತ್ತದೆ. ಉಳಿದದ್ದನ್ನು ‘ಇತರೆ’ಗೆ ಹಾಕಿ.

ಸ್ಯಾಂಕಿ

ಎಡಕ್ಕೆ ವಿಷಯಗಳು, ಬಲಕ್ಕೆ ಜರ್ನಲ್‌ಗಳು, ನಡುವೆ ಹರಿಯುವ ಪಟ್ಟೆಗಳು. ಪಟ್ಟೆ ದಪ್ಪ ಇದ್ದಷ್ಟು ಪೇಪರ್ ಜಾಸ್ತಿ. 1898ರಲ್ಲಿ ಕ್ಯಾಪ್ಟನ್ ಸ್ಯಾಂಕಿ ಅನ್ನುವವರು ಉಗಿ ಎಂಜಿನ್‌ನ ಶಕ್ತಿ ಎಲ್ಲೆಲ್ಲಿ ಹರಿದುಹೋಗುತ್ತದೆ ಅಂತ ತೋರಿಸಲು ಇಂಥ ಚಿತ್ರ ಬಳಸಿದ್ದರಿಂದ ಆ ಹೆಸರು. ನೋಡಿದ ಕೂಡಲೇ ಅರ್ಥವಾಗುತ್ತದೆ. ವಿವರಿಸುವ ಕಷ್ಟ ಇಲ್ಲ.

ಮಾಡಲು ಅತಿ ಸುಲಭ ರಾಗ್ರಾಫ್ಸ್. ಇಟಲಿಯ ಮಿಲಾನ್‌ನ ಪಾಲಿಟೆಕ್ನಿಕ್‌ನಲ್ಲಿ ಹುಟ್ಟಿದ್ದು, ಉಚಿತ. ಶೀಟ್‌ನಿಂದ ಎರಡು ಕಾಲಮ್ ನಕಲು ಮಾಡಿ ಅಂಟಿಸಿ, ಅಲೂವಿಯಲ್ ಅನ್ನುವ ಬಗೆಯನ್ನು ಆರಿಸಿ, ಅಷ್ಟೇ. ಮಾಹಿತಿ ನಿಮ್ಮ ಬ್ರೌಸರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಎಸ್‌ವಿಜಿ ಆಗಿ ಇಳಿಸಿಕೊಂಡರೆ ಪೋಸ್ಟರ್‌ನಷ್ಟು ದೊಡ್ಡದು ಮಾಡಿದರೂ ಮಸುಕಾಗದು. ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಫೈಲ್ ಇದ್ದರೆ ಬಿಬ್ಲಿಯೋಮೆಟ್ರಿಕ್ಸ್ ನೋಡಿ. ಇಟಲಿಯ ಮಾಸ್ಸಿಮೊ ಆರಿಯಾ ಮತ್ತು ಕೊರಾಡೊ ಕುಕ್ಕುರುಲ್ಲೊ 2017ರಲ್ಲಿ ಇದರ ಬಗ್ಗೆ ಪೇಪರ್ ಬರೆದರು. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್ ಆದರೂ ಅದರ ಬಿಬ್ಲಿಯೋಶೈನಿ ಭಾಗದಲ್ಲಿ ಕೋಡ್ ಬರೆಯದೆ ಬಟನ್ ಒತ್ತಿಯೇ ಕೆಲಸ ಮುಗಿಸಬಹುದು. ಅಲ್ಲಿ ‘ಥ್ರೀ ಫೀಲ್ಡ್ ಪ್ಲಾಟ್’ ಅಂತ ಇದೆ: ಲೇಖಕರು, ಕೀವರ್ಡ್, ಜರ್ನಲ್ ಮೂರನ್ನೂ ಒಂದೇ ಚಿತ್ರದಲ್ಲಿ ತರುತ್ತದೆ.

ಈ ಮೂರು ಕಂಬದ ಚಿತ್ರ ಎಲ್ಲ ಥೀಸಿಸ್‌ನಲ್ಲೂ ಕಾಣುತ್ತದೆ, ಮತ್ತು ಜಾಸ್ತಿ ಜನ ಅದನ್ನು ತಪ್ಪಾಗಿ ಓದುತ್ತಾರೆ. ಎಡಗಡೆಯ ಒಬ್ಬ ಲೇಖಕಿಯಿಂದ ಹೊರಟ ಪಟ್ಟೆ ನಡುವಿನ ‘ಮಾನ್ಸೂನ್’ಗೆ ಬರುತ್ತದೆ, ‘ಮಾನ್ಸೂನ್’ನಿಂದ ಹೊರಟ ಪಟ್ಟೆ ಬಲಗಡೆಯ ಒಂದು ಜರ್ನಲ್‌ಗೆ ಹೋಗುತ್ತದೆ. ನೋಡಿದವರಿಗೆ ಆ ಲೇಖಕಿ ಆ ಜರ್ನಲ್‌ನಲ್ಲಿ ಬರೆದಿದ್ದಾರೆ ಅಂತ ಅನ್ನಿಸುತ್ತದೆ. ಹಾಗೆ ಇರಲೇಬೇಕು ಅಂತಿಲ್ಲ. ನಡುವಿನ ಕಂಬದಲ್ಲಿ ಎಲ್ಲ ಪಟ್ಟೆಗಳೂ ಸಂಗಮದ ನೀರಿನ ಹಾಗೆ ಬೆರೆತುಹೋಗುತ್ತವೆ, ಆಚೆ ಹೋದ ನೀರು ಯಾವ ಹೊಳೆಯದು ಅಂತ ಹೇಳಲು ಆಗದು. ವಿಷಯ ಮತ್ತು ಜರ್ನಲ್ ಮಾತ್ರ ಬೇಕಿದ್ದರೆ ಎರಡೇ ಕಂಬ ಇಡಿ.

ದಪ್ಪ ಪಟ್ಟೆ ಕಂಡರೆ ಇಸವಿಯನ್ನೂ ನೋಡಿ. ನಮ್ಮ ಸ್ಯಾಂಕಿಯಲ್ಲಿ ‘ಅರಬ್ಬಿ ಸಮುದ್ರ’ ಅನ್ನುವ ವಿಷಯದಿಂದ ‘ಡೀಪ್ ಸೀ ರಿಸರ್ಚ್ ಭಾಗ 2’ ಅನ್ನುವ ಜರ್ನಲ್‌ಗೆ ಒಳ್ಳೇ ದಪ್ಪ ಪಟ್ಟೆ ಹೋಗಿತ್ತು. ಅವಳಿಗೆ ಖುಷಿಯೋ ಖುಷಿ. ಇಸವಿ ಹಾಕಿ ಬಿಡಿಸಿ ನೋಡಿದರೆ ಬಹುಪಾಲು 1998ರಿಂದ ಮುಂದಿನ ಕೆಲವೇ ವರ್ಷಗಳದ್ದು. ಆ ಜರ್ನಲ್ ಇರುವುದೇ ಒಂದೊಂದು ವಿಷಯದ ವಿಶೇಷ ಸಂಚಿಕೆಗಳಿಗಾಗಿ, 1994ರಿಂದ 96ರವರೆಗೆ ನಡೆದ ಅಮೆರಿಕದ ಜೆಗಾಫ್ಸ್ ಅನ್ನುವ ಸಾಗರ ಸಂಶೋಧನಾ ಯೋಜನೆಯ ಅರಬ್ಬಿ ಸಮುದ್ರ ಅಧ್ಯಯನದ ಪೇಪರ್‌ಗಳು ಅಲ್ಲಿ ಸಾಲಾಗಿ ಬಂದಿದ್ದವು. ಪಟ್ಟೆ ಸುಳ್ಳಲ್ಲ, ಆದರೆ ಈಗ ಬಾಗಿಲು ತೆರೆದಿದೆ ಅಂತ ಅದರ ಅರ್ಥವೂ ಅಲ್ಲ. ಜರ್ನಲ್ ಹುಡುಕುತ್ತಿದ್ದರೆ ಕೊನೆಯ ಐದು ವರ್ಷ ಮಾತ್ರ ಇಟ್ಟುಕೊಳ್ಳಿ. ಕ್ಷೇತ್ರದ ಇತಿಹಾಸ ಬರೆಯುತ್ತಿದ್ದರೆ ಮಾತ್ರ ಹಳೆಯದು ಬೇಕು.

ನೆಟ್‌ವರ್ಕ್

ಚುಕ್ಕೆ ಮತ್ತು ಗೆರೆಗಳ ಚಿತ್ರ. ಇದಕ್ಕೆ ಎಲ್ಲರೂ ಮೊದಲು ತೆರೆಯುವುದು ವಿಓಎಸ್‌ವ್ಯೂವರ್. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ನೇಸ್ ಯಾನ್ ವಾನ್ ಎಕ್ ಮತ್ತು ಲುಡೊ ವಾಲ್ಟ್‌ಮನ್ ಮಾಡಿದ್ದು, ಉಚಿತ, ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ನಮ್ಮ ಈ ಪ್ರಶ್ನೆಗೆ ಅದು ನೇರ ಉತ್ತರ ಕೊಡುವುದಿಲ್ಲ. ಅದು ಕೀವರ್ಡ್ ಕೀವರ್ಡ್ ನಡುವಿನ ನಂಟು ತೋರಿಸುತ್ತದೆ, ಇಲ್ಲವೇ ಜರ್ನಲ್ ಜರ್ನಲ್ ನಡುವಿನ ನಂಟು. ಎರಡು ಬೇರೆ ಬೇರೆ ನಕ್ಷೆ. ಕೀವರ್ಡ್‌ನಿಂದ ಜರ್ನಲ್‌ಗೆ ಗೆರೆ ಬೇಕಿದ್ದರೆ ಗೆಫಿ ಅನ್ನುವ ಸಾಫ್ಟ್‌ವೇರ್ ಒಳ್ಳೆಯದು. ಸಿಎಸ್‌ವಿ ಫೈಲ್‌ನಲ್ಲಿ ಸೋರ್ಸ್, ಟಾರ್ಗೆಟ್, ವೆಯ್ಟ್ ಅಂತ ಮೂರು ಕಾಲಮ್ ಮಾಡಿ, ಸೋರ್ಸ್‌ನಲ್ಲಿ ವಿಷಯ, ಟಾರ್ಗೆಟ್‌ನಲ್ಲಿ ಜರ್ನಲ್, ವೆಯ್ಟ್‌ನಲ್ಲಿ ಎಣಿಕೆ. ಅದರಲ್ಲಿ ಚುಕ್ಕೆಗಳನ್ನು ಜೋಡಿಸುವ ಫೋರ್ಸ್‌ಅಟ್ಲಾಸ್ 2 ಓಡಿಸಿ, ಚುಕ್ಕೆಗಳು ತಾವೇ ಹರಡಿಕೊಳ್ಳುತ್ತವೆ. ಎರಡು ಬಗೆಯ ಚುಕ್ಕೆಗೆ ಎರಡು ಬಣ್ಣ ಕೊಡುವುದು ಮರೆಯಬೇಡಿ.

ನೆಟ್‌ವರ್ಕ್ ಒಳ್ಳೆಯದು ಯಾವಾಗ? ವಿಷಯಗಳ ಪಟ್ಟಿ ನಿಮ್ಮ ಕೈಯಲ್ಲಿ ಇನ್ನೂ ಇಲ್ಲದಾಗ. ನಮ್ಮ ಎಂಟು ವಿಷಯ ಬರೆದುಕೊಳ್ಳುವ ಮೊದಲು ಕೀವರ್ಡ್‌ಗಳನ್ನು ವಿಓಎಸ್‌ವ್ಯೂವರ್‌ಗೆ ಹಾಕಿ ನೋಡಿದ್ದೆವು. ಮೀನಿನ ಗುಂಪು ಒಂದು ಕಡೆ, ಮಾನ್ಸೂನ್ ಮತ್ತು ಪ್ರವಾಹಗಳ ಗುಂಪು ಇನ್ನೊಂದು ಕಡೆ, ನಡುವೆ ಸೇತುವೆಯ ಹಾಗೆ ‘ಕ್ಲೋರೋಫಿಲ್’. ಅದು ಅವಳಿಗೆ ಹೊಳೆದಿರಲಿಲ್ಲ, ಅಲ್ಲಿಂದ ಒಂದು ವಿಷಯ ಜಾಸ್ತಿಯಾಯಿತು.

ತೀರ್ಮಾನಕ್ಕೆ ಮಾತ್ರ ಇದನ್ನು ನಂಬಬೇಡಿ. ಚಿತ್ರದಲ್ಲಿ ಮೇಲೆ ಕೆಳಗೆ, ಎಡ ಬಲ ಅನ್ನುವುದಕ್ಕೆ ಅರ್ಥವೇ ಇಲ್ಲ, ಪೂರ್ತಿ ತಿರುಗಿಸಿದರೂ ಅದೇ ಚಿತ್ರ. ದೂರ ಹತ್ತಿರ ಮಾತ್ರ ಲೆಕ್ಕಕ್ಕೆ, ಅದೂ ಅಂದಾಜು. ಕೀವರ್ಡ್ ಕನಿಷ್ಠ ಎಷ್ಟು ಸಲ ಬರಬೇಕು ಅನ್ನುವ ಸಂಖ್ಯೆ ಮೊದಲಿಗೆ 5 ಇರುತ್ತದೆ. ಅದನ್ನು 3 ಮಾಡಿದರೆ ಗುಂಪುಗಳೇ ಬದಲಾಗಬಹುದು. ಅಷ್ಟಕ್ಕೇ ಬದಲಾಗುವ ಗುಂಪನ್ನು ನೆಚ್ಚಿಕೊಂಡು ಥೀಸಿಸ್‌ನ ಅಧ್ಯಾಯ ಕಟ್ಟಬೇಡಿ. ಮೂರು ಬೇರೆ ಸಂಖ್ಯೆ ಹಾಕಿ ನೋಡಿ, ಮೂರರಲ್ಲೂ ಉಳಿದ ಗುಂಪು ನಿಜ.

ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಚಾವೊಮೇ ಚೆನ್ ಅವರ ಸೈಟ್‌ಸ್ಪೇಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ‘ಡ್ಯುಯಲ್ ಮ್ಯಾಪ್’ ಅಂತ ಇದೆ. ಎಡಕ್ಕೆ ಉಲ್ಲೇಖಿಸಿದ ಜರ್ನಲ್‌ಗಳು, ಬಲಕ್ಕೆ ಉಲ್ಲೇಖಗೊಂಡವು. ಕ್ಷೇತ್ರ ಎಲ್ಲಿಂದ ಜ್ಞಾನ ತರುತ್ತದೆ ಅಂತ ತಿಳಿಯಲು ಚೆಂದ, ಪೇಪರ್ ಎಲ್ಲಿಗೆ ಅನ್ನುವುದಕ್ಕೆ ಅಷ್ಟು ಉಪಯೋಗ ಇಲ್ಲ. ವೃತ್ತದ ಸುತ್ತ ಹೆಸರುಗಳನ್ನಿಟ್ಟು ಒಳಗೆ ಪಟ್ಟೆ ಎಳೆಯುವ ಕಾರ್ಡ್ (chord) ಚಿತ್ರವನ್ನು ಬಿಟ್ಟುಬಿಡಿ. ಹತ್ತು ಜರ್ನಲ್ ದಾಟಿದರೆ ನೂಲಿನ ಸಿಕ್ಕು.

ಕನ್ನಡ ವಿಭಾಗದವರಿಗೆ

ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲೋ ಬೇರೆಡೆಯೋ ಕನ್ನಡದಲ್ಲೇ ಸಂಶೋಧನೆ ಮಾಡುವವರು ಇದನ್ನು ಓದುತ್ತಿದ್ದರೆ, ಸ್ಕೋಪಸ್‌ನಿಂದ ಹೊರಟರೆ ನಿಮ್ಮ ಚಿತ್ರ ಹೆಚ್ಚುಕಡಿಮೆ ಖಾಲಿ ಬರುತ್ತದೆ. ಕ್ಷೇತ್ರ ಖಾಲಿ ಇರುವುದರಿಂದ ಅಲ್ಲ, ಕನ್ನಡದ ಸಂಶೋಧನಾ ಪತ್ರಿಕೆಗಳು ಆ ಪಟ್ಟಿಗೆ ಸೇರಿಲ್ಲದಿರುವುದರಿಂದ. ಪತ್ರಿಕೆಗಳ ವಿಷಯಸೂಚಿ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದು, ಶೀಟ್‌ನಲ್ಲಿ ಲೇಖನ, ಪತ್ರಿಕೆ, ಇಸವಿ, ವಿಷಯ ಅಂತ ನಾಲ್ಕು ಕಾಲಮ್ ತುಂಬಿ. ಇನ್ನೂರು ಸಾಲಿಗೇ ಒಳ್ಳೇ ಕೋಷ್ಟಕ ಆಗುತ್ತದೆ. ವಚನ, ಜಾನಪದ, ಅನುವಾದ, ಹೊರನಾಡ ಕನ್ನಡ, ಯಾವುದು ಎಲ್ಲಿ ಬಂದಿದೆ ಅಂತ ಬಣ್ಣದಲ್ಲಿ ಕಂಡರೆ ಎಷ್ಟು ಜನರಿಗೆ ಉಪಕಾರ! ಯಾರಾದರೂ ಮಾಡಲೇಬೇಕಾದ ಕೆಲಸ ಇದು.

ಚಿತ್ರ ಹೇಳದೇ ಇರುವುದು

ಯಾವ ಚಿತ್ರವೂ ಜರ್ನಲ್ ಒಳ್ಳೆಯದಾ ಕೆಟ್ಟದ್ದಾ, ಎಷ್ಟು ದುಡ್ಡು ಕೇಳುತ್ತದೆ ಅಂತ ಹೇಳುವುದಿಲ್ಲ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ ಮೇಲೆ ಈ ಹೊಣೆ ಪೂರ್ತಿ ನಮ್ಮ ತಲೆ ಮೇಲೆ, ನಮ್ಮ ಸಂಸ್ಥೆಗಳ ತಲೆ ಮೇಲೆ ಇದೆ. ಉಚಿತವಾಗಿ ಓದಲು ಸಿಗುವ ಜರ್ನಲ್ ಆದರೆ ಅಂಥ ಜರ್ನಲ್‌ಗಳ ಆನ್‌ಲೈನ್ ಪಟ್ಟಿಯಾದ ಡಿಒಎಜೆಯಲ್ಲಿದೆಯಾ ನೋಡಿ, ಶುಲ್ಕವೂ ಅಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ನಡೆಸುವವರಿದ್ದಾರೆ. ವಿಳಾಸವನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಿಂದಲೋ ಪ್ರಕಾಶಕರ ಮುಖ್ಯ ತಾಣದಿಂದಲೋ ತೆಗೆಯಿರಿ, ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ.

ಆಯ್ಕೆ ಎರಡು ಮೂರಕ್ಕೆ ಇಳಿದ ಮೇಲೆ ಪ್ರತಿಯೊಂದರಲ್ಲೂ ಈಚಿನ ಹತ್ತು ಪೇಪರ್ ಓದಿ. 2025ರ ಜನವರಿ 1ರಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆ. ಸರ್ಕಾರಿ ಸಂಸ್ಥೆಗಳಲ್ಲಿ ಓದುವವರಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಓದಲು ಸಿಗುತ್ತವೆ. ನಿಮ್ಮ ಲೈಬ್ರರಿಯಲ್ಲಿ ಕೇಳಿ, ಎಷ್ಟೋ ವಿದ್ಯಾರ್ಥಿಗಳು ಇನ್ನೂ ಕೇಳಿಯೇ ಇಲ್ಲ.

ಅಕ್ಕನ ಮಗಳೂ ಹಾಗೇ ಹತ್ತು ಪೇಪರ್ ಓದಲು ಹೊರಟಳು. ಕೋಷ್ಟಕದ ಮೂರು ಸಾಲುಗಳಲ್ಲಿ ಮೇಲಿನದನ್ನು ಆರಿಸಿಕೊಂಡು ಓದಲು ಕೂತವಳು ರಾತ್ರಿ ಫೋನ್ ಮಾಡಿದಳು. “ಮಾವ, ಇದರಲ್ಲಿ ಹೋದ ಎರಡು ವರ್ಷದಿಂದ ಬರೀ ಕಂಪ್ಯೂಟರ್ ಮಾಡೆಲ್‌ನ ಪೇಪರ್‌ಗಳೇ ಇವೆ. ನನ್ನದು ದೋಣಿಯಲ್ಲಿ ಹೋಗಿ ಅಳೆದ ನೀರು.” ಬಣ್ಣದಲ್ಲಿ ಅದು ಕಂಡಿರಲಿಲ್ಲ, ನಮ್ಮ ಎಂಟು ಕಾಲಮ್‌ಗಳಲ್ಲಿ ವಿಧಾನಕ್ಕೆ ಅಂತ ಒಂದೂ ಕಾಲಮ್ ಇರಲಿಲ್ಲ. ಮಾರನೇ ಭಾನುವಾರ ಒಂಬತ್ತನೆಯ ಕಾಲಮ್ ಹಾಕಿದೆವು, ಪೇಪರ್ ಎರಡನೇ ಸಾಲಿನ ಜರ್ನಲ್‌ಗೆ ಹೋಯಿತು. ಈಗ ರಿವ್ಯೂನಲ್ಲಿದೆ.